ಮೂರ್ತಣ್ಣನಿಗೆ ಇಟ್ಟ ಟೀ

ನನ್ನ ತಂಗಿಯ ಮಗಳು ಶೋಭಾ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿಗೆ ಬಂದಿದ್ದ ಜಪಾನಿನ ಮೇಲಧಿಕಾರಿಯೊಬ್ಬರು ವಾಪಸು ಹೊರಡುವಾಗ ಎಲ್ಲರಿಗೂ ಒಂದೊಂದು ಸಣ್ಣ ಡಬ್ಬಿ ಹಂಚಿದರಂತೆ. ಹೋದ ಭಾನುವಾರ ಅದನ್ನು ನನ್ನ ಮುಂದಿಟ್ಟು, "ದೊಡ್ಡಮ್ಮ, ನೀನು ಜಪಾನ್ ನೋಡ್ಕೊಂಡು ಬಂದವಳಲ್ವಾ, ಇದನ್ನ ಏನ್ ಮಾಡೋದು ಹೇಳು. ಹಾಲು ಸಕ್ಕರೆ ಹಾಕಿ ಕುದಿಸಿದ್ರೆ ಸೊಪ್ಪಿನ ಸಾರು ಕುಡಿದಂಗಾಯ್ತು," ಎಂದಳು. ನಾನು ಮುಚ್ಚಳ ತೆಗೆದೆ. ಒಳಗೆ ಅರಿಶಿನಕ್ಕಿಂತ ನುಣ್ಣಗಿದ್ದ ಹಸಿರು ಪುಡಿ. ವಾಸನೆ ಮೂಗಿಗೆ ಬಡಿದದ್ದೇ ತಡ, ಡಬ್ಬಿ ಜಾರಿ ಪುಡಿ ಸೀರೆಯ ಮೇಲೆಲ್ಲ ಚೆಲ್ಲಿತು.

ಇಬ್ಬನಿ ಆರುವ ಮುಂಚೆ ಕೊಯ್ದು, ಒದ್ದೆ ಗೋಣಿ ಹೊದಿಸಿ, ಕತ್ತಲೆ ಕೋಣೆಯಲ್ಲಿಟ್ಟ ಹಿಪ್ಪುನೇರಳೆ ಸೊಪ್ಪಿನ ವಾಸನೆ ಅದು. ಜೀವನವೆಲ್ಲ ಆ ಸೊಪ್ಪಿನ ಜೊತೆ ಕಳೆದ ನನಗೆ ಅದರಲ್ಲಿ ಹೆದರುವಂಥದ್ದು ಏನೂ ಇರಬಾರದು. ಆದರೆ ಆ ವಾಸನೆ ಬಂದಾಗಲೆಲ್ಲ ಒಬ್ಬ ಮನುಷ್ಯ ನಮ್ಮ ಜಗಲಿಯ ಮೇಲೆ ಕೂತಿದ್ದಾನೆ ಅನಿಸುತ್ತದೆ. ತಿರುಗಿ ನೋಡಲು ಧೈರ್ಯ ಸಾಲುವುದಿಲ್ಲ. ಇದ್ದರೆ ಏನು ಎಂಬ ಭಯವೋ, ಇಲ್ಲದಿದ್ದರೆ ಏನು ಎಂಬ ಭಯವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಶೋಭಾಳಿಗೆ ಅದನ್ನೆಲ್ಲ ಹೇಳಲಾಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಮೊರಿತಾ. ತೊಂಬತ್ತರ ದಶಕದಲ್ಲಿ ರಾಮನಗರದ ಕಡೆಯ ರೈತರಿಗೆ ಬಿಳಿ ಗೂಡು ಕಟ್ಟುವ ಹೊಸ ತಳಿಯ ರೇಷ್ಮೆ ಹುಳು ಸಾಕುವುದನ್ನು ಕಲಿಸಲು ಜಪಾನಿನಿಂದ ಬಂದವರು. ನಾನು ಆಗ ಮನೆಮನೆಗೆ ಹೋಗಿ ಹುಳು ಸಾಕಣೆ ತೋರಿಸಿಕೊಡುವ ಕೆಲಸದಲ್ಲಿದ್ದೆ. ಕೂಟಗಲ್ ಹೋಬಳಿಯ ನಮ್ಮೂರಿನಲ್ಲಿ ನಮಗೂ ಎರಡು ಎಕರೆ ಸೊಪ್ಪಿನ ತೋಟ, ಒಂದು ಹುಳುಮನೆ ಇತ್ತು. ಊರಿಗೆಲ್ಲ ಬುದ್ಧಿ ಹೇಳುವವಳ ಮನೆಯಲ್ಲೇ ಮೊದಲು ಶುರುವಾಗಲಿ ಎಂದು ಅವರು ನಮ್ಮ ಹುಳುಮನೆಯನ್ನೇ ಮಾದರಿಗೆ ಆರಿಸಿಕೊಂಡರು. ಊರವರ ಬಾಯಲ್ಲಿ ಮೊರಿತಾ ಬೇಗನೆ ಮೂರ್ತಿಯಾಗಿ, ಸುಗ್ಗಿ ಮುಗಿಯುವಷ್ಟರಲ್ಲಿ ಮೂರ್ತಣ್ಣನಾದರು.

ಮೂರ್ತಣ್ಣನ ಮಡಿ ಊರಿಗೇ ಒಂದು ತಮಾಷೆ. ಹುಳುಮನೆಗೆ ಕಾಲಿಡುವ ಮುಂಚೆ ಕೈ ತೊಳೆಯಬೇಕು, ಪಾದವನ್ನು ಬ್ಲೀಚಿಂಗ್ ನೀರಿಗೆ ಅದ್ದಬೇಕು, ತಲೆಗೆ ಬಟ್ಟೆ ಕಟ್ಟಬೇಕು, ಒಳಗೆ ಜೋರಾಗಿ ಮಾತಾಡಬಾರದು. "ಏನ್ಲಾ ಇದು, ದೇವರ ಗುಡೀಗೂ ಇಷ್ಟು ಮಡಿ ಇಲ್ವಲ್ಲೋ," ಎಂದು ಗಂಡಸರು ನಗುತ್ತಿದ್ದರು. ನಗುತ್ತಲೇ ತೊಳೆಯುತ್ತಿದ್ದರು, ಏಕೆಂದರೆ ಆ ವರ್ಷ ಗೂಡು ಚೆನ್ನಾಗಿ ಬಂದಿತ್ತು. ಇನ್ನೊಂದು ಅಭ್ಯಾಸವಿತ್ತು ಅವರಿಗೆ. ಜಗಲಿಯ ಕೆಳಗೆ ನಾವು ಹೇಗೆಂದರೆ ಹಾಗೆ ಬಿಟ್ಟ ಚಪ್ಪಲಿಗಳನ್ನು ಬಗ್ಗಿ ಜೋಡಿಸಿ, ಮೂತಿಯನ್ನು ಬೀದಿಯ ಕಡೆಗೆ ತಿರುಗಿಸಿಡುತ್ತಿದ್ದರು. ಹೊರಡುವವರಿಗೆ ಸುಲಭವಾಗಲಿ ಅಂತ.

ಅವರಿಗೆ ಕನ್ನಡ ಕಲಿಸಿದ್ದು ನನ್ನ ಅತ್ತೆ ಗೌರಮ್ಮ. ಕಲಿಸಬೇಕು ಎಂದು ಕಲಿಸಿದ್ದಲ್ಲ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂಬಂತೆ, ಹುಳುಮನೆಗೆ ಬಂದವರು ಅಡುಗೆಮನೆಗೂ ಬಂದರು. ಅತ್ತೆ ಮುದ್ದೆ ನುಂಗುವುದನ್ನು ತೋರಿಸಿದರು, ಬೈದರು, ಬಡಿಸಿದರು. ಅದರ ಜೊತೆಗೆ ಭಾಷೆಯೂ ಹೋಯಿತು. ಹಾಗಾಗಿ ಆ ಮನುಷ್ಯನ ಬಾಯಲ್ಲಿ ಪುಸ್ತಕದ ಕನ್ನಡ ಒಂದಕ್ಷರವೂ ಇರಲಿಲ್ಲ. "ಸೊಪ್ಪು ಒಸಿ ಬಾಡೈತೆ," "ಹುಳ ಜ್ವರಕ್ಕೆ ಕೂತವೆ" ಎಂದು ಅವರು ಗಂಭೀರವಾಗಿ ಹೇಳಿದರೆ ನಾವು ನಗು ತಡೆಯಲು ಸೆರಗು ಕಚ್ಚುತ್ತಿದ್ದೆವು. ಹುಳು ಮೇವು ಬಿಟ್ಟು ಪೊರೆ ಕಳಚಲು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ. ಅತ್ತೆಯನ್ನು ಅವರು ಅಮ್ಮ ಎನ್ನುತ್ತಿದ್ದರು. ಅತ್ತೆಗೆ ಇದ್ದೊಬ್ಬ ಮಗ ನನ್ನ ಗಂಡ, ಅವರು ತಾಯಿಯನ್ನು ಎದುರಿಗೆ ಕರೆಯುತ್ತಿದ್ದುದೇ ಅಪರೂಪ. ಬೇಕಾದಾಗ ಕೆಮ್ಮುತ್ತಿದ್ದರು.

ಮೂರ್ತಣ್ಣ ತೀರಿಕೊಂಡದ್ದು ನಮ್ಮ ಜಗಲಿಯ ಮೇಲೆ. ನಾಲ್ಕನೇ ಜ್ವರ ಬಿಟ್ಟ ಹುಳುಗಳು ಸೊಪ್ಪು ಮುಕ್ಕಿ ಹಣ್ಣಾಗಿ, ಗೂಡು ಕಟ್ಟಲು ತಲೆ ಎತ್ತಿ ಆಡಿಸುತ್ತಿದ್ದ ದಿನ ಅದು. ಬೆಳಗಾಗುವ ಮುಂಚಿನಿಂದ ಹಣ್ಣು ಹುಳುಗಳನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಯ ತಟ್ಟೆಗೆ ಬಿಡುತ್ತಿದ್ದ ಅವರು, ಬಿಸಿಲು ಬಂದ ಮೇಲೆ ಹೊರಗೆ ಬಂದು ಕಂಬಕ್ಕೆ ಒರಗಿ ಕೂತು, ಕನ್ನಡಕ ತೆಗೆದು ಪಕ್ಕಕ್ಕಿಟ್ಟು, "ಅಮ್ಮ, ಒಸಿ ಟೀ," ಎಂದರು. "ತಂದೆ ಕಣಪ್ಪ," ಎಂದರು ಅತ್ತೆ. ಮನೆಯಲ್ಲಿ ಹಾಲಿರಲಿಲ್ಲ. ಪಾತ್ರೆ ತಗೊಂಡು ಹಿತ್ತಲಿಗೆ ಹೋಗಿ ಹಸು ಕರೆದು, ಒಲೆ ಊದಿ, ಟೀ ಕಾಯಿಸಿ ತಂದರು. ಮೂರ್ತಣ್ಣ ಕಣ್ಣು ಮುಚ್ಚಿದ್ದರು. ದಣಿದಿದ್ದಾನೆ, ಮಲಗಲಿ ಎಂದು ಲೋಟವನ್ನು ಪಕ್ಕದಲ್ಲಿಟ್ಟು ಒಳಗೆ ಬಂದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹೋಗಿ, "ಕೆನೆ ಕಟ್ಬುಡ್ತು, ಎದ್ದು ಕುಡ್ಯಪ್ಪ," ಎಂದು ಭುಜ ಮುಟ್ಟಿದರು. ಹುಳುಮನೆಯಲ್ಲಿದ್ದ ನನಗೆ ಅತ್ತೆಯ ಕೂಗು ಕೇಳಿದ್ದು ಆಗ.

ಹೃದಯ ನಿಂತಿದೆ ಎಂದರು ಡಾಕ್ಟರು, ಟೀ ಕೇಳಿದ ಕ್ಷಣಕ್ಕೇ ಹೋಗಿರಬಹುದು ಎಂದರು. ಬೆಂಗಳೂರಿಗೆ ಒಯ್ದು ಸುಟ್ಟು ಬೂದಿಯನ್ನು ಜಪಾನಿಗೆ ಕಳಿಸಿದರು. ಅತ್ತೆಗೆ ಡಾಕ್ಟರ ಮಾತು ಕಿವಿಗೇ ಬೀಳಲಿಲ್ಲ. "ಹಾಲಿಗೆ ಅಂತ ಹೋಗ್ಬುಟ್ಟೆ. ಕಪ್ಪು ಟೀ ಕೊಟ್ಟಿದ್ರೆ ಒಂದು ಗುಟುಕಾದ್ರೂ ಕುಡೀತಿದ್ದ," ಎಂಬುದೊಂದೇ ಅವರ ಮಾತು. ನಮ್ಮ ಕಡೆ ಒಂದು ನಂಬಿಕೆ ಇದೆ, ಕೇಳಿದ್ದು ಸಿಕ್ಕದೆ ಹೋದ ಜೀವ ಕೇಳಿದ ಬಾಗಿಲನ್ನು ಬಿಟ್ಟು ಹೋಗುವುದಿಲ್ಲ ಅಂತ.

ಆ ವರ್ಷದ ಪಿತೃಪಕ್ಷದಲ್ಲಿ ಮಾವನಿಗೆ ಎಡೆ ಇಡುವಾಗ ಅತ್ತೆ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ ಒಂದು ಲೋಟ ಟೀ ಇಟ್ಟರು. ನಮ್ಮಲ್ಲಿ ಎಡೆ ಎಂದರೆ ಸತ್ತವರು ಇಷ್ಟಪಟ್ಟದ್ದನ್ನೆಲ್ಲ ಬಡಿಸುವುದು. ಮುದ್ದೆ, ಕೋಳಿ ಸಾರು, ಕಜ್ಜಾಯ, ಮಾವನ ಬೀಡಿ, ಮಾವನ ಟವೆಲ್ಲು. ಧೂಪ ಹಾಕಿ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಬದುಕಿರುವವರು ಬಾಯಿ ನೋಡುತ್ತಾ ಕೂತರೆ ಸತ್ತವರು ನಾಚಿಕೊಂಡು ಉಣ್ಣುವುದಿಲ್ಲ. ಒಂದು ಎಲೆಯಡಿಕೆ ಹಾಕಿಕೊಂಡು ಮುಗಿಸುವಷ್ಟು ಹೊತ್ತು ಕಾದು, ಬಾಗಿಲು ತಟ್ಟಿ, ಆಮೇಲೆ ಒಳಗೆ ಹೋಗಬೇಕು. "ಅವರ ದೇವರು ಯಾವುದೋ, ಜಾತಿ ಯಾವುದೋ, ನಮ್ಮನೇಲಿ ಎಡೆನಾ?" ಎಂದರು ನನ್ನ ಗಂಡ. "ಟೀಗೆ ಜಾತಿ ಐತಾ? ಸುಮ್ಕಿರ್ಲಾ," ಎಂದು ಅತ್ತೆ ಬಾಯಿ ಮುಚ್ಚಿಸಿದರು. ಬಾಗಿಲು ತೆಗೆದ ಮೇಲೆ ಲೋಟ ಎತ್ತಿ ನನಗೆ ತೋರಿಸಿದರು. "ನೋಡು ಕಣಮ್ಮಿ, ಒಂದು ಗುಟುಕು ಇಳ್ದೈತೆ."

ಆರಿದ ಟೀ ಇಳಿದಂತೆ ಕಾಣುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಜಗಲಿಯ ಕೆಳಗೆ ನೋಡಿದರೆ ನಮ್ಮೆಲ್ಲರ ಚಪ್ಪಲಿ ಸಾಲಾಗಿ, ಮೂತಿ ಬೀದಿಯ ಕಡೆಗೆ ತಿರುಗಿ ಕೂತಿದ್ದವು. ನಾನು ಮಾಡಿಲ್ಲ. ಗಂಡನನ್ನು ಕೇಳಿದೆ, ನಾನಲ್ಲ ಎಂದರು. ಮುಂದಿನ ವರ್ಷವೂ ಹಾಗೇ ಆಯಿತು. ಓದಿದವಳು, ನಾಲ್ಕು ಜನಕ್ಕೆ ರೋಗದ ಬಗ್ಗೆ, ಕ್ರಿಮಿಯ ಬಗ್ಗೆ ತಿಳಿಹೇಳುವವಳು ಎಂದು ನನಗೆ ನಾನೇ ಎಷ್ಟು ಹೇಳಿಕೊಂಡರೂ, ಅವತ್ತಿನಿಂದ ಆ ಕಂಬಕ್ಕೆ ಒರಗಿ ಕೂರುವುದನ್ನು ಬಿಟ್ಟೆ.

ಅದರ ಮುಂದಿನ ವರ್ಷವೇ ನಾನು ಹೇಳಹೊರಟ ವರ್ಷ. ಬೇಸಿಗೆಯ ಕೊನೆಗೆ ನಮ್ಮಲ್ಲಿ ಕೆಲವರನ್ನು ತರಬೇತಿಗೆ ಜಪಾನಿಗೆ ಕಳಿಸಿದರು. ಬೆಟ್ಟಗಳ ನಡುವಿನ ಒಂದು ರೇಷ್ಮೆ ಸೀಮೆ. ಅಲ್ಲೂ ಅದೇ ಜಿಟಿಜಿಟಿ ಮಳೆ, ಅಲ್ಲೂ ಸೊಪ್ಪಿನ ತೋಟ. ಆದರೆ ಅರ್ಧಕ್ಕರ್ಧ ತೋಟ ಪಾಳು ಬಿದ್ದಿದ್ದವು. ನಮಗೆ ಕಲಿಸಿದವರ ಊರಲ್ಲೇ ಹುಳು ಸಾಕುವವರು ಮುದುಕರಾಗಿದ್ದರು. ಒಂದು ದಿನ ತರಬೇತಿ ಕೇಂದ್ರದ ಯುಕಿ ಎಂಬ ಹುಡುಗಿ, ಇಂಗ್ಲಿಷಿನಲ್ಲಿ ನಮಗೆ ಎಲ್ಲ ಬಿಡಿಸಿ ಹೇಳುತ್ತಿದ್ದವಳು, ನನ್ನನ್ನು ಪಕ್ಕಕ್ಕೆ ಕರೆದು, "ಮೊರಿತಾ ಅವರ ತಾಯಿ ಇಲ್ಲಿಂದ ಸ್ವಲ್ಪ ದೂರದಲ್ಲೇ ಇದ್ದಾರೆ. ಅವರ ಮಗ ತೀರಿಕೊಂಡ ಮನೆಯ ಹೆಂಗಸು ನೀವು ಎಂದು ತಿಳಿದು ಚಹಾಕ್ಕೆ ಕರೆದಿದ್ದಾರೆ. ಇದು ಸುಮ್ಮನೆ ಚಹಾ ಅಲ್ಲ, ಚಹಾದ ಪೂಜೆ ಇದ್ದ ಹಾಗೆ," ಎಂದಳು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದಿರಲ್ಲ ಎಂದು ಆ ತಾಯಿ ಕೇಳಿದರೆ ಏನು ಹೇಳುವುದು? ಇದ್ದ ಒಂದೇ ಮೈಸೂರು ರೇಷ್ಮೆ ಸೀರೆ ಉಟ್ಟು ಹೋದೆ.

ಮನೆಯ ಹಿಂದೆ, ಗಿಡಗಳ ನಡುವೆ, ಒಂದು ಪುಟ್ಟ ಕೋಣೆ ಬೇರೆಯೇ ಇತ್ತು. ದಾರಿಯುದ್ದಕ್ಕೂ ಹೆಜ್ಜೆಗೊಂದು ಕಲ್ಲು ಹಾಸಿ, ಅದಕ್ಕೆ ಆಗ ತಾನೇ ನೀರು ಚಿಮುಕಿಸಿದ್ದರು. ಮಳೆ ಬರುತ್ತಿದ್ದರೂ ನೀರು! ಯುಕಿ ಹೇಳಿದಂತೆ ಕಲ್ಲುದೋಣಿಯಿಂದ ಮರದ ಸೌಟಿನಲ್ಲಿ ನೀರೆತ್ತಿ ಕೈ ತೊಳೆದು ಬಾಯಿ ಮುಕ್ಕಳಿಸಿದೆ. ನಮ್ಮ ಹುಳುಮನೆಯ ಬಾಗಿಲಲ್ಲಿ ಮೂರ್ತಣ್ಣ ಮಾಡಿಸುತ್ತಿದ್ದ ಮಡಿಯ ತವರು ಇದು ಎಂದು ಆಗ ಹೊಳೆಯಿತು. ಬಾಗಿಲು ಎನ್ನುವುದು ಕೋಳಿಗೂಡಿನ ಬಾಯಿಯಷ್ಟು. ಯಾವ ರಾಜನೇ ಬಂದರೂ ಮಂಡಿಯೂರಿ ತೂರಿಕೊಂಡೇ ಹೋಗಬೇಕಂತೆ. ರೇಷ್ಮೆ ಸೀರೆ ಉಟ್ಟ ದಪ್ಪ ಹೆಂಗಸು ತೂರುವುದನ್ನು ಆ ರಾಜರು ನೋಡಿದ್ದರೆ ನಗುತ್ತಿದ್ದರು. ನೆರಿಗೆ ಬಾಚಿ ಹಿಡಿದು, ಅರ್ಧ ಒಳಗೆ ಅರ್ಧ ಹೊರಗೆ ಒದ್ದಾಡಿ ಹೇಗೋ ಒಳಸೇರಿದೆ. ತಿರುಗಿ ನೋಡಿದರೆ ಯುಕಿ ನಮ್ಮ ಚಪ್ಪಲಿಗಳನ್ನು ಎತ್ತಿ ಗೋಡೆಗೆ ಒರಗಿಸಿಡುತ್ತಿದ್ದಳು. ನನ್ನ ನಗು ಅಲ್ಲೇ ನಿಂತಿತು.

ಒಳಗೆ ಮಬ್ಬು. ಚಾಪೆಯ ನೆಲ. ಎದುರಿನ ಗೋಡೆಗೂಡಿನಲ್ಲಿ ಒಂದು ಬರಹದ ಪಟ, ಬಿದಿರಿನ ಕೊಳವೆಯಲ್ಲಿ ಒಂದೇ ಒಂದು ಕಾಡುಹೂವು, ಅದರ ಬದಿಗೆ ಮೂರ್ತಣ್ಣನ ಫೋಟೋ. ಮೂಲೆಯಲ್ಲಿ ಕೆಂಡದ ಮೇಲೆ ಕಬ್ಬಿಣದ ಪಾತ್ರೆ, ಅದರೊಳಗಿನ ನೀರು ಸಣ್ಣಗೆ ಸುಯ್ಯೆನ್ನುತ್ತಿತ್ತು. ಆ ತಾಯಿ ಒಳಬಾಗಿಲು ಸರಿಸಿ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಬೂದುಬಣ್ಣದ ಉಡುಪು, ಬೆಳ್ಳನೆ ಕೂದಲು. ಹಣೆ ಚಾಪೆಗೆ ತಾಗುವಂತೆ ಬಾಗಿದರು. ನಾನೂ ಬಾಗಿದೆ. ಬೈಗುಳಕ್ಕೆ ಸಿದ್ಧಳಾಗಿ ಬಂದವಳಿಗೆ ಆ ನಮಸ್ಕಾರ ತಡೆಯಲಾಗಲಿಲ್ಲ.

ಆಮೇಲೆ ಮಾತಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ರೇಷ್ಮೆಯ ಚೌಕ ತೆಗೆದು, ಮಡಿಸಿ, ಹಸಿರು ಪುಡಿಯ ಡಬ್ಬಿಯನ್ನು ಒರೆಸಿದರು, ಬಿದಿರಿನ ಚಮಚವನ್ನು ಒರೆಸಿದರು. ಮೊದಲೇ ಫಳಫಳ ಎನ್ನುತ್ತಿದ್ದುದನ್ನು ಮತ್ತೆ ಒರೆಸಿದರು. ನಮ್ಮೂರಿನಲ್ಲಾಗಿದ್ದರೆ ಇಷ್ಟೊತ್ತಿಗೆ ಮೂರು ಮನೆ ಟೀ ಕುಡಿದು ನಾಲ್ಕು ಮನೆ ಸುದ್ದಿ ಮುಗಿಸುತ್ತಿದ್ದೆವು ಎಂದುಕೊಂಡೆ. ಆದರೆ ನೋಡುತ್ತಾ ನೋಡುತ್ತಾ ನನ್ನ ಬೆನ್ನಿನಲ್ಲಿ ಚಳಿ ಹುಟ್ಟಿತು. ಆ ಮಣಿಕಟ್ಟು ತಿರುಗುವ ರೀತಿ, ಚಮಚ ಎತ್ತಿಡುವಾಗ ಕಿರುಬೆರಳು ಒಂದಿಷ್ಟು ನಿಲ್ಲುವ ರೀತಿ ನನಗೆ ಗೊತ್ತಿತ್ತು. ಹುಳು ಎತ್ತುವ ಕಡ್ಡಿಯನ್ನು ಮೂರ್ತಣ್ಣ ಒರೆಸಿಡುತ್ತಿದ್ದುದು ಹೀಗೆಯೇ. ಸತ್ತ ಮನುಷ್ಯನ ಕೈಗಳು ಆ ಮುದುಕಿಯ ಮಡಿಲಲ್ಲಿ ಕೆಲಸ ಮಾಡುತ್ತಿದ್ದವು.

ಬಟ್ಟಲಿಗೆ ಪುಡಿ ಹಾಕಿ, ಬಿಸಿನೀರು ಬಿಟ್ಟು, ಬಿದಿರಿನ ಕುಂಚದಲ್ಲಿ ಕಡೆದರು. ಹಸಿ ಸೊಪ್ಪಿನ ವಾಸನೆ ಕೋಣೆಯನ್ನೆಲ್ಲ ತುಂಬಿತು. ಮೊದಲ ಬಟ್ಟಲು ನನಗೆ ಬರಲಿಲ್ಲ. ಅವರು ಅದನ್ನು ಎರಡೂ ಕೈಯಲ್ಲಿ ಒಯ್ದು ಫೋಟೋದ ಮುಂದೆ ಇಟ್ಟು, ಬಾಗಿ, ಹಿಂದಕ್ಕೆ ಸರಿದು ಕೂತರು. ಎಲ್ಲರೂ ಕೂತೇ ಇದ್ದೆವು.

ಎಡೆ! ಎಡೆ ಇಟ್ಟ ಮೇಲೆ ಅಲ್ಲಿ ಕೂರುವುದುಂಟೇ? ನಲವತ್ತು ವರ್ಷದ ಅಭ್ಯಾಸ ನನ್ನನ್ನು ಎಬ್ಬಿಸಿತು. ಜೋಮು ಹಿಡಿದ ಕಾಲನ್ನು ಎಳೆದುಕೊಂಡು, ಫೋಟೋಗೆ ಬೆನ್ನು ತೋರಿಸದೆ ಹಿಮ್ಮುಖವಾಗಿ ಅದೇ ಕೋಳಿಗೂಡಿನ ಬಾಗಿಲಿನಿಂದ ಹೊರಬಿದ್ದು, ಯುಕಿಯನ್ನೂ ಸನ್ನೆ ಮಾಡಿ ಕರೆದು, ಅವಳು ಬಂದೊಡನೆ ಬಾಗಿಲನ್ನು ಎಳೆದುಬಿಟ್ಟೆ. ಹುಡುಗಿಯ ಮುಖ ಬಿಳಿಚಿಕೊಂಡಿತ್ತು. "ಮೈ ಸರಿಯಿಲ್ಲವಾ? ವಾಂತಿ ಬರ್ತಿದೆಯಾ? ಚಹಾದ ನಡುವೆ ಯಾರೂ ಎದ್ದು ಹೋಗಬಾರದು," ಎಂದು ಗಾಬರಿಯಲ್ಲಿ ಪಿಸುಗುಟ್ಟಿದಳು. ಆಗ ನನಗೆ ಮಾಡಿದ್ದೇನು ಎಂದು ಅರಿವಾಯಿತು. ಪರದೇಶದಲ್ಲಿ, ಪರರ ಮನೆಯಲ್ಲಿ, ಮನೆಯೊಡತಿಯನ್ನು ಒಳಗೇ ಬಿಟ್ಟು ಬಾಗಿಲು ಮುಚ್ಚಿದ್ದೆ! ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಆ ತಾಯಿ ಕೊಡೆ ಹಿಡಿದು ಇನ್ನೊಂದು ಬಾಗಿಲಿನಿಂದ ಸುತ್ತಿ ಬಂದರು. ನಾನು ನನ್ನ ಹರಕು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ, ಯುಕಿಗೆ ಎಲ್ಲವನ್ನೂ ಹೇಳಿದೆ. ನಮ್ಮೂರಿನಲ್ಲಿ ಸತ್ತವರಿಗೆ ಬಡಿಸಿದ ಮೇಲೆ ನಾವು ಹೊರಗೆ ಬರುತ್ತೇವೆ. ನೋಡುತ್ತಿದ್ದರೆ ಅವರು ನಾಚಿಕೊಳ್ಳುತ್ತಾರೆ. ಅದಕ್ಕೇ ಬಂದುಬಿಟ್ಟೆ, ಕ್ಷಮಿಸಬೇಕು. ಯುಕಿ ಅದನ್ನು ಜಪಾನಿ ಭಾಷೆಗೆ ತಿರುಗಿಸಿದಳು. ತಾಯಿ ಮುಚ್ಚಿದ ಬಾಗಿಲನ್ನೇ ನೋಡುತ್ತಾ ನಿಂತರು. ಆಮೇಲೆ ಕೇಳಿದರು: "ಎಷ್ಟು ಹೊತ್ತು ಕಾಯಬೇಕು?"

ಎಲೆಯಡಿಕೆ ಹಾಕುವಷ್ಟು ಹೊತ್ತು ಎಂದು ಅವರಿಗೆ ಹೇಗೆ ಹೇಳುವುದು? ಸ್ವಲ್ಪ ಹೊತ್ತು ಎಂದೆ. ಅವರು ತಲೆಯಾಡಿಸಿ, ಸೂರಿನ ಕೆಳಗಿದ್ದ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತರು. ನಮ್ಮಿಬ್ಬರ ಮುಂದೆ ಮಳೆಹನಿ ಸಾಲಾಗಿ ಬೀಳುತ್ತಿತ್ತು. ಒಳಗಿನಿಂದ ನೀರಿನ ಸುಯ್ಯೆನ್ನುವ ಸದ್ದು ಮಾತ್ರ. ನಡುವೆ ಒಮ್ಮೆ ಆ ಸದ್ದು ತಗ್ಗಿ ಮತ್ತೆ ಏರಿತು. ಕೆಂಡ ಜಾರಿರಬೇಕು. ತಾಯಿ ನನ್ನ ಮಣಿಕಟ್ಟು ಹಿಡಿದುಕೊಂಡರು, ಬಿಡಲಿಲ್ಲ.

"ನನ್ನ ಮಗನಿಗೂ ನಿಮ್ಮೂರಿನಲ್ಲಿ ಯಾರಾದರೂ ಹೀಗೆ ಮಾಡಿದ್ದಾರಾ?"

ಹೌದು ಎಂದೆ. ನನ್ನ ಅತ್ತೆ ಪ್ರತಿ ವರ್ಷ ಇಡುತ್ತಾರೆ, ಟೀ ಇಡುತ್ತಾರೆ ಎಂದೆ. ಏಕೆ ಟೀ ಎಂದು ಕೇಳಿದರು. ಹಾಗೆ ಆ ಬೆಳಗು ಪೂರ್ತಿ ಹೊರಗೆ ಬಂತು. ಕಂಬ, ಕನ್ನಡಕ, ಇಲ್ಲದ ಹಾಲು, ಕೆನೆ ಕಟ್ಟಿದ ಲೋಟ. ಕೊನೆಯ ಮಾತು ಏನೆಂದು ಅವರು ಕೇಳಿದರು. ಹೆತ್ತ ತಾಯಿಗೆ, ನಿನ್ನ ಮಗ ಕೊನೆಗೆ ಅಮ್ಮಾ ಎಂದು ಕರೆದದ್ದು ಇನ್ನೊಬ್ಬಳನ್ನು ಎಂದು ಹೇಳುವುದು ಹೇಗೆ? ಆದರೆ ಆ ಕಣ್ಣುಗಳಿಗೆ ಸುಳ್ಳು ಹೇಳಲು ಆಗಲಿಲ್ಲ. "ಅಮ್ಮ, ಒಸಿ ಟೀ," ಎಂದೆ. ಅರ್ಥವನ್ನೂ ಹೇಳಿದೆ.

ಅವರು ತುಟಿ ಅಲುಗಿಸಿ ಅದನ್ನು ಕಲಿತರು. "ಅಮ್ಮ. ಒಸಿ ಟೀ." ಎರಡನೆಯ ಸಲ ಹೇಳುವಾಗ ಅದು ಥೇಟು ಮೂರ್ತಣ್ಣನ ದನಿ.

"ನಮ್ಮಲ್ಲಿ ಆಗಸ್ಟಿನಲ್ಲಿ ಸತ್ತವರು ಮನೆಗೆ ಬರುವ ದಿನಗಳಿವೆ," ಎಂದರು ಅವರು, ಯುಕಿ ನಿಧಾನವಾಗಿ ಬಿಡಿಸಿ ಹೇಳುತ್ತಿದ್ದಳು. "ದಾರಿ ಕಾಣಲಿ ಎಂದು ಬಾಗಿಲಲ್ಲಿ ಬೆಂಕಿ ಹಾಕುತ್ತೇವೆ. ನನ್ನ ಗಂಡ ಬರುತ್ತಾನೆ. ಅತ್ತೆ ಮಾವ ಬರುತ್ತಾರೆ. ಬಂದದ್ದು ಗೊತ್ತಾಗುತ್ತದೆ, ಮನೆ ತುಂಬುತ್ತದೆ. ಇವನು ಬರುತ್ತಿಲ್ಲ. ಬೂದಿ ಬಂತು, ಅವನು ಬರಲಿಲ್ಲ. ದಾರಿ ತಪ್ಪಿದ್ದಾನೆ ಎಂದುಕೊಂಡಿದ್ದೆ. ತಪ್ಪಿಲ್ಲ. ಅಲ್ಲಿ ಟೀಗೆ ಕೂತಿದ್ದಾನೆ." ಕೊಡೆಯನ್ನು ಪಕ್ಕಕ್ಕಿಟ್ಟು, ಒದ್ದೆ ಕಲ್ಲಿನ ಮೇಲೆ ಮಂಡಿಯೂರಿ, ನಾನು ತಡೆಯುವ ಮುಂಚೆ ಹಣೆ ನೆಲಕ್ಕಿಟ್ಟರು. "ಆ ಅಮ್ಮನಿಗೆ ಹೇಳಿ. ಅವರ ಟೀ ಅವನಿಗೆ ಸಂದಿದೆ. ಇನ್ನು ನನ್ನ ಮಗನನ್ನು ಮನೆಗೆ ಕಳಿಸಿಕೊಡಲಿ. ನನಗೆ ಹೆಚ್ಚು ವರ್ಷ ಉಳಿದಿಲ್ಲ. ನಾನು ಹೋದ ಮೇಲೆ ಈ ಬಾಗಿಲಲ್ಲಿ ಬೆಂಕಿ ಹಾಕುವವರು ಯಾರೂ ಇಲ್ಲ."

ನಾನೇ ಬಾಗಿಲು ತಟ್ಟಿ ತೆಗೆದೆ. ಹಸಿರು ಟೀ ತಣ್ಣಗಾಗಿ ನೊರೆ ಒಡೆದಿತ್ತು. ಎಷ್ಟು ಇಳಿದಿದೆ ಎಂದು ನಾನು ನೋಡಲಿಲ್ಲ. ಆ ತಾಯಿ ಬಟ್ಟಲನ್ನು ಎತ್ತಿ ಅರ್ಧ ಕುಡಿದು, ಅಂಚು ಒರೆಸಿ, ಉಳಿದರ್ಧವನ್ನು ನನ್ನ ಕೈಗಿಟ್ಟರು. ಎಂಜಲು ಎಂದು ನನ್ನೊಳಗಿನ ಹಳ್ಳಿಯವಳು ಒಂದು ಗಳಿಗೆ ಹಿಂಜರಿದಳು. ಆಮೇಲೆ ಕುಡಿದೆ. ಕಹಿ, ಸೊಪ್ಪು, ಕೊನೆಗೆ ಎಲ್ಲೋ ಒಂದಿಷ್ಟು ಸಿಹಿ.

ಊರಿಗೆ ಬಂದ ಮಾರನೆಯ ದಿನವೇ ಅತ್ತೆಗೆ ಹೇಳಿದೆ. ಸೊಪ್ಪು ಹೆಚ್ಚುತ್ತಿದ್ದವರು ಕತ್ತಿ ಕೆಳಗಿಟ್ಟರು. "ಎತ್ತವ್ಳು ಅವ್ಳು, ಇಲ್ಲ ಅಂದೋರ್ಯಾರು? ಆದ್ರೆ ಕೇಳ್ಕಂಡು ಬಾಗ್ಲಿಗೆ ಬಂದೋನ್ನ ಬರಬ್ಯಾಡ ಅನ್ನು ಅಂತೀಯಲ್ಲ, ನಿನ್ ನಾಲ್ಗೇಗೆ ಎಂಗೆ ಬಂತು? ಒಂದ್ಸಲ ತಡ ಮಾಡ್ದೆ, ಈಗ ಬಾಗ್ಲೂ ಆಕ್ಬುಡ್ಲಾ?" ಎಂದು ಎದ್ದು ಹೋದರು. ನನ್ನ ಜೊತೆ ಮಾತು ಬಿಟ್ಟರು. ಊಟ ಬಡಿಸುವಾಗಲೂ ಗೋಡೆಯ ಕಡೆ ನೋಡಿ, "ಉಣ್ಣೋರು ಉಣ್ಬೋದು," ಎನ್ನುತ್ತಿದ್ದರು. ನನಗೂ ಸಿಟ್ಟು ಬಂತು. ಒಬ್ಬ ಮುದುಕಿ ಅಲ್ಲಿ ಕಲ್ಲಿನ ಮೇಲೆ ಹಣೆಯಿಟ್ಟಳು, ಇನ್ನೊಬ್ಬ ಮುದುಕಿ ಇಲ್ಲಿ ಕಲ್ಲಾಗಿ ಕೂತಿದ್ದಾಳೆ ಎಂದು ಗಂಡನ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ. ಅವರಿಬ್ಬರ ನಡುವೆ ಆ ಮನುಷ್ಯ ಎಲ್ಲಿದ್ದಾನೋ, ಎಷ್ಟು ದಣಿದಿದ್ದಾನೋ ಎಂದು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ.

ಆ ಮಳೆಗಾಲ ಸರಿಯಾಗಿ ಹಿಡಿಯಲಿಲ್ಲ. ಮೋಡ ರಾಮನಗರದ ಬಂಡೆಬೆಟ್ಟಗಳ ಮೇಲೆ ಕೂತು ಇಳಿಯದೆ ಹೋಗುತ್ತಿತ್ತು. ಹುಳುಗಳು ಜ್ವರಕ್ಕೆ ಕೂತಿದ್ದ ಒಂದು ಸಂಜೆ, ಹುಳುಮನೆಯಲ್ಲಿ ತಟ್ಟೆ ಜೋಡಿಸುತ್ತಾ ಅತ್ತೆ ಗೋಡೆಗೆ ಹೇಳುವಂತೆ ಕೇಳಿದರು. "ಆ ಬೆಂಕಿ ಆಕೋ ದಿನ ಯಾವಾಗ ಅಂದೆ?"

"ಆಗೋಯ್ತು ಅತ್ತೆ, ಹೋದ ವಾರ."

ಅವರು ಇನ್ನೊಂದು ತಟ್ಟೆ ಎತ್ತಿದರು, ಇಟ್ಟರು. "ಅಲ್ಲಿ ಮಳೆ ಅಂದ್ಯಲ್ಲ. ಒದ್ದೆ ಸೌದೇಲಿ ಬೆಂಕಿ ಹತ್ತುತ್ತಾ? ಆ ವಯಸ್ನಾಗೆ ಯಾರು ಊದ್ಕೊಡ್ತಾರೆ ಅವ್ಳಿಗೆ?" ಎಂದರು. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಹೋದರು.

ಮಹಾಲಯ ಅಮಾವಾಸ್ಯೆಯ ದಿನ ಅತ್ತೆ ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ಮಾವನ ಎಲೆ ತುಂಬಿತು. ಪಕ್ಕದ ಎಲೆಯನ್ನೂ ಹಾಸಿದರು. ಹೋದ ವರ್ಷಗಳಲ್ಲಿ ಬರೀ ಟೀ ಇಟ್ಟಿದ್ದ ಎಲೆಗೆ ಈ ಸಲ ಮುದ್ದೆ, ಸೊಪ್ಪಿನ ಬಸ್ಸಾರು, ಕಜ್ಜಾಯ ಎಲ್ಲ ಬಡಿಸಿದರು. ಪ್ರಯಾಣ ಹೊರಟವರಿಗೆ ಕಟ್ಟಿಕೊಡುವಂತೆ ಒಂದು ಬಟ್ಟೆಯಲ್ಲಿ ಚಕ್ಕುಲಿಯನ್ನೂ ಕಟ್ಟಿಟ್ಟರು. ಟೀಯನ್ನು ಕೊನೆಗೆ ತಂದರು, ಲೋಟದ ತುಂಬ, ಹಬೆಯಾಡುತ್ತಿತ್ತು. ಧೂಪ ಹಾಕಿದ ಮೇಲೆ ನಾವೆಲ್ಲ ಹೊರಗೆ ಬಂದೆವು. ಅತ್ತೆ ಕೊನೆಗೆ ಬಂದು ಬಾ​ಗಿಲು ಎಳೆದುಕೊಂಡು, ಅದಕ್ಕೆ ಕೆನ್ನೆ ಆನಿಸಿ ನಿಂತರು.

"ಮೂರ್ತಪ್ಪ," ಎಂದರು, ಕಿವಿ ಮಂದವಾದವರಿಗೆ ಹೇಳುವಷ್ಟು ಜೋರಾಗಿ. "ಟೀ ಇಟ್ಟಿವ್ನಿ ಕಣಪ್ಪ. ಅವತ್ತು ಹಾಲಿಗೆ ಅಂತ ಹೋಗಿ ತಡ ಮಾಡ್ಬುಟ್ಟೆ, ಅದನ್ನ ಮನಸ್ನಾಗೆ ಇಟ್ಕಬ್ಯಾಡ. ಉಂಡು, ಕುಡ್ದು, ಊರಿಗೆ ಹೊಂಟೋಗು. ಅಲ್ಲಿ ನಿಮ್ಮವ್ವ ಒಬ್ಳೇ ಬಾಗ್ಲಲ್ಲಿ ಬೆಂಕಿ ಆಕ್ಕಂಡು ಕಾಯ್ತಾವ್ಳೆ. ಮುಂದಿನ ವರ್ಸದಿಂದ ನಿಂಗೆ ನಾನು ಇಡಾಕಿಲ್ಲ. ಇಟ್ರೆ ನೀನು ಬಂದ್ಬುಡ್ತೀಯ. ಬರಬ್ಯಾಡ ಮಗ."

ಆಮೇಲೆ ಅವರಿಗೆ ನಿಲ್ಲಲಾಗಲಿಲ್ಲ. ನಾನು ಹಿಡಿದು ಜಗಲಿಯ ಮೇಲೆ ಕೂರಿಸಿದೆ. ತಿಂಗಳುಗಳ ನಂತರ ಮೊದಲ ಸಲ ನನ್ನ ಕೈ ಹಿಡಿದುಕೊಂಡರು. ಒಳಗೆ ಏನೂ ಸದ್ದಿರಲಿಲ್ಲ. ಎಲೆಯಡಿಕೆಯ ಹೊತ್ತು ಕಳೆಯಿತು, ಊರಿನ ಬೇರೆ ಮನೆಗಳ ಬಾಗಿಲು ತೆರೆದು ಊಟದ ಗದ್ದಲ ಶುರುವಾಯಿತು. ನನ್ನ ಗಂಡ ಎದ್ದು ಬಾಗಿಲು ತಟ್ಟಲು ಕೈ ಎತ್ತಿದರು.

"ತಟ್ಟಬ್ಯಾಡ ಕಣ್ಲಾ," ಎಂದರು ಅತ್ತೆ. "ದೂರದ ದಾರಿ ಅವ್ನದು. ಒಸಿ ನಿಧಾನ್ವಾಗಿ ಕುಡೀಲಿ."